ಒಂದು ಗೇಣಿನ ಲೆಕ್ಕ

ಅಮಾವಾಸ್ಯೆಯ ಇಳಿತದ ಹೊತ್ತಿಗೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿ ನಿಂತವರಿಗೆ ಕಾಣುವುದು ಬೂದು ಬಣ್ಣದ ಸಪಾಟು ಕೆಸರು ಬಯಲು. ಸಪಾಟು ಅನ್ನುವುದು ಕಣ್ಣಿನ ಭ್ರಮೆ. ನೀರಂಚಿನ ತಗ್ಗಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚು (ಚಿಪ್ಪಿಕಲ್ಲು) ಹೆಕ್ಕುತ್ತಿರುತ್ತಾರೆ. ಸ್ವಲ್ಪ ಮೇಲೆ, ಪೆನ್ಸಿಲ್ ನೆಟ್ಟ ಹಾಗೆ ಉಪ್ಪಟಿಯ ಉಸಿರುಬೇರುಗಳು. ಇನ್ನೊಂದಿಷ್ಟು ಏರಿದರೆ ಕಾಲೂರಿ ನಿಂತ ಕಾಂಡ್ಲದ ಸಾಲು. ಅದರಾಚೆ ಮಣ್ಣಿನ ಕಟ್ಟು, ಕಟ್ಟಿನೊಳಗೆ ಗಜನಿ, ಅಂದರೆ ಕಗ್ಗ ಎಂಬ ಭತ್ತ ಬೆಳೆಯುವ ಗದ್ದೆ. ಒಂದೊಂದು ಗೇಣು ಎತ್ತರಕ್ಕೂ ಒಂದೊಂದು ಸಂಸಾರ. ನಕ್ಷೆಯಲ್ಲಿ ಮಾತ್ರ ಇದೆಲ್ಲ ಒಂದೇ ಬಣ್ಣದ ‘ಜೌಗು ಪ್ರದೇಶ’.

2024ರ ಜನವರಿ ಕೊನೆಯಲ್ಲಿ ಈ ಅಳಿವೆಯ 4,801 ಹೆಕ್ಟೇರ್, ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು, ಗದಗದ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆಯಲ್ಲಿ. ಪಟ್ಟಿಗೆ ಸೇರಿದ ಮೇಲೆ ‘ಪುನಶ್ಚೇತನ’ ಎಂಬ ಮಾತು ಬರುತ್ತದೆ, ಅದರ ಬೆನ್ನಿಗೇ ಸಸಿ ನೆಡುವ ಕಾರ್ಯಕ್ರಮ, ಮೊಣಕಾಲುದ್ದ ಕೆಸರಿನಲ್ಲಿ ನಿಂತ ಫೋಟೊ. ಸಸಿ ನೆಡುವುದು ಈ ಕೆಲಸದ ಕೊನೆಯ ಹೆಜ್ಜೆ. ಎಷ್ಟೋ ಕಡೆ ಆ ಹೆಜ್ಜೆಯೇ ಬೇಕಾಗುವುದಿಲ್ಲ. ಮೊದಲು ತಿಳಿಯಬೇಕಾದ್ದು ಆ ಜಾಗ ಎಷ್ಟು ಎತ್ತರದಲ್ಲಿದೆ, ದಿನಕ್ಕೆ ಎಷ್ಟು ಹೊತ್ತು ನೀರಿನಡಿ ಇರುತ್ತದೆ ಎಂಬುದನ್ನು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತಗಳೂ ಸಮ ಇರುವುದಿಲ್ಲ, ಒಂದು ದೊಡ್ಡದು ಒಂದು ಚಿಕ್ಕದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಸುಮಾರು ಒಂದೂವರೆಯಿಂದ ಎರಡು ಮೀಟರ್. ಅಷ್ಟಮಿಯ ಹೊತ್ತಿಗೆ ಅದು ತೀರಾ ಕುಗ್ಗುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದೇ ಅಂತರ ಹತ್ತು ಮೀಟರಿನ ಆಸುಪಾಸು. ಅಲ್ಲಿ ಅರ್ಧ ಮೀಟರ್ ಆಚೀಚೆ ಆದರೆ ನಡೆದೀತು. ಇಲ್ಲಿ ನಡೆಯದು. ಕಾಂಡ್ಲ, ಉಪ್ಪಟಿಯಂಥ ಉಪ್ಪುನೀರಿನ ಮರಗಳು (ಮ್ಯಾಂಗ್ರೋವ್; ಇವುಗಳ ಕಾಡಿಗೆ ಒಟ್ಟಾಗಿ ಕಾಂಡ್ಲ ಕಾಡು ಎನ್ನುವುದುಂಟು) ಬದುಕುವುದು ಸಮುದ್ರದ ಸರಾಸರಿ ಮಟ್ಟಕ್ಕೂ ದೊಡ್ಡ ಭರತದ ಮಟ್ಟಕ್ಕೂ ನಡುವಿನ ಪಟ್ಟಿಯಲ್ಲಿ. ನಮ್ಮಲ್ಲಿ ಆ ಪಟ್ಟಿಯ ಎತ್ತರ ಹೆಚ್ಚೆಂದರೆ ಒಂದು ಮೀಟರ್, ಅಂದರೆ ನಾಲ್ಕು ಗೇಣು. ಹತ್ತಾರು ಜಾತಿಯ ಗಿಡಗಳು ಹಂಚಿಕೊಳ್ಳಬೇಕಾದ್ದು ಈ ನಾಲ್ಕೇ ಗೇಣನ್ನು.

1928ರಲ್ಲಿ ಮಲಯಾದ ಕಾಂಡ್ಲ ಕಾಡುಗಳನ್ನು ಅಭ್ಯಸಿಸಿದ ಅರಣ್ಯಾಧಿಕಾರಿ ವಾಟ್ಸನ್, ಯಾವ ಜಾಗ ತಿಂಗಳಿಗೆ ಎಷ್ಟು ಬಾರಿ ಮುಳುಗುತ್ತದೆ ಎಂಬುದರ ಮೇಲೆ ಐದು ದರ್ಜೆ ಮಾಡಿ ಗಿಡಗಳನ್ನು ಹೊಂದಿಸಿದ್ದ. ಫ್ಲೋರಿಡಾದ ರಾಬಿನ್ ಲೂಯಿಸ್ ಹಲವು ದಶಕ ಇದೇ ಕೆಲಸ ಮಾಡಿ ಅದನ್ನು ಇನ್ನೂ ಸರಳ ಮಾಡಿದರು. ಒಟ್ಟು ಸಮಯದಲ್ಲಿ ಶೇ 30ಕ್ಕಿಂತ ಹೆಚ್ಚು ಹೊತ್ತು ನೀರಿನಡಿ ಇರುವ ಜಾಗದಲ್ಲಿ ಈ ಕಾಡು ನಿಲ್ಲುವುದಿಲ್ಲ. ದಿನಕ್ಕೆ ಸರಾಸರಿ ಏಳು ಗಂಟೆ ಎಂದಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಮುಳುಗಿದರೆ ಎಳೆ ಸಸಿಯ ಬೇರು ಉಸಿರುಕಟ್ಟಿ ಸಾಯುತ್ತದೆ. ಉಸಿರು ಉಳಿದರೂ ಕಾಂಡದ ತುಂಬ ಚಿಪ್ಪುಹುಳ (ಬಂಡೆಗೆ, ದೋಣಿಯ ತಳಕ್ಕೆ ಅಂಟುವ ಬಿಳಿ ಬಾರ್ನಕಲ್) ಕೂತು ಭಾರಕ್ಕೆ ಬಗ್ಗಿಸುತ್ತದೆ. ಸಸಿಯ ಮೇಲೆ ಬಾರ್ನಕಲ್ ಕಂಡರೆ ಕೆರೆದು ತೆಗೆಯುವವರಿದ್ದಾರೆ. ಅದು ಜ್ವರ ಬಂದವನ ಹಣೆಯ ಬೆವರು ಒರೆಸಿದ ಹಾಗೆ. ಜಾಗ ತಗ್ಗಾಯಿತು ಎಂದು ಸಸಿಯೇ ಹೇಳುತ್ತಿದೆ.

ಈ ಲೆಕ್ಕ ಬಿಟ್ಟು ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಪಾಠಗಳಿವೆ. ಫಿಲಿಪ್ಪೀನ್ಸ್‌ನಲ್ಲಿ ಎರಡು ದಶಕಗಳ ಕಾಲ ಕೋಟಿಗಟ್ಟಲೆ ಖರ್ಚಿನಲ್ಲಿ ನೆಟ್ಟ ನೆಡುತೋಪುಗಳಲ್ಲಿ ದೀರ್ಘಕಾಲ ಉಳಿದದ್ದು ಶೇ 10ರಿಂದ 20 ಎಂದು ಪ್ರಿಮಾವೆರಾ ಮತ್ತು ಎಸ್ತೆಬಾನ್ 2008ರಲ್ಲಿ ಬರೆದರು. ಅಲ್ಲಿ ಆರಿಸಿಕೊಂಡದ್ದು ಗಾಳಿ ಅಲೆಗೆ ತೆರೆದುಕೊಂಡ ತಗ್ಗು ಮರಳು ದಂಡೆ, ನೆಟ್ಟದ್ದು ಕಾಂಡ್ಲ. ಆ ಜಾಗಕ್ಕೆ ತಾನಾಗಿ ಬರುವುದು ಉಪ್ಪಟಿ ಮತ್ತು ಸೊನರೇಷಿಯಾ ಎಂಬ ಇನ್ನೊಂದು ಮ್ಯಾಂಗ್ರೋವ್ ಮರ. ಶ್ರೀಲಂಕಾದಲ್ಲಿ ಸುನಾಮಿಯ ನಂತರ ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ನೆಟ್ಟರು. 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಉಳಿದದ್ದು 200 ಹೆಕ್ಟೇರಿನ ಆಸುಪಾಸು. ನೋಡಿದ 23 ಜಾಗಗಳ ಪೈಕಿ ಒಂಬತ್ತರಲ್ಲಿ ಒಂದೂ ಗಿಡವಿರಲಿಲ್ಲ. ಎರಡೂ ಕಡೆ ಕಾಂಡ್ಲವನ್ನೇ ಆರಿಸಲು ಕಾರಣ ಸರಳ: ಅದರ ಕೋಡು (ಮರದಲ್ಲೇ ಮೊಳೆತು ಉದುರುವ ಬೀಜ) ಉದ್ದ, ಹೆಕ್ಕುವುದು ಸುಲಭ, ನರ್ಸರಿ ಬೇಡ, ಕೆಸರಿಗೆ ಚುಚ್ಚಿದರೆ ಆಯಿತು. ಜಾಗದ ಆಯ್ಕೆಯೂ ಅಷ್ಟೇ ಸುಲಭದ ದಾರಿ ಹಿಡಿದದ್ದು. ಯಾರ ಒಡೆತನದ ತಂಟೆಯೂ ಇಲ್ಲದ ಖಾಲಿ ಕೆಸರು ಬಯಲು ಸಿಕ್ಕುತ್ತದೆ, ನೆಡಬೇಕಾದ ಎತ್ತರದ ಜಾಗವೆಲ್ಲ ಸಿಗಡಿ ಕೊಳವಾಗಿ ಯಾರದೋ ಹೆಸರಿನಲ್ಲಿರುತ್ತದೆ.

ಎತ್ತರ ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು. ಇಪ್ಪತ್ತು ಮೀಟರ್ ಪೈಪು, ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲು, ಒಳಗೆ ಗಾಳಿಗುಳ್ಳೆ ಇಲ್ಲದ ನೀರು. ಗುಳ್ಳೆ ಉಳಿದರೆ ಅಳತೆ ನಾಲ್ಕೈದು ಸೆಂಟಿಮೀಟರ್ ಸುಳ್ಳಾಗುತ್ತದೆ. ಕೋಲಿನ ತುದಿ ಕೆಸರಿಗೆ ಇಳಿಯದ ಹಾಗೆ ಅಡಿಯಲ್ಲಿ ಒಂದು ಹಲಗೆ ತುಂಡು ಇಡಬೇಕು. ಅಳೆಯಬೇಕಾದ ಮೊದಲ ಜಾಗ ಖಾಲಿ ಬಯಲಲ್ಲ, ಹತ್ತಿರದಲ್ಲೇ ಚೆನ್ನಾಗಿ ಬದುಕಿರುವ ಕಾಡು. ಅಲ್ಲಿ ಉಪ್ಪಟಿಯ ಕೆಳಗಿನ ಅಂಚು ಎಲ್ಲಿ, ಕಾಂಡ್ಲದ ಕೆಳಗಿನ ಅಂಚು ಎಲ್ಲಿ, ಹೊಳೆಚುಳ್ಳಿಯ ಮುಳ್ಳುಪೊದೆ ಎಲ್ಲಿಂದ ಶುರು ಎಂದು ಗುರುತಿಸಿಕೊಂಡು, ಆ ಮಟ್ಟಗಳನ್ನು ಖಾಲಿ ಬಯಲಿಗೆ ತಂದು ಗೂಟ ಹೊಡೆಯಬೇಕು. ಪುಸ್ತಕದ ಕೋಷ್ಟಕ ಮಲಯಾದ್ದೋ ಫ್ಲೋರಿಡಾದ್ದೋ ಆಗಿರುತ್ತದೆ. ಪಕ್ಕದ ಕಾಡು ಈ ಹೊಳೆಯದೇ.

ನೀರು ಎಲ್ಲಿಯವರೆಗೆ ಏರುತ್ತದೆ ಎಂದು ತಿಳಿಯಲು ಇನ್ನೂ ಅಗ್ಗದ ಉಪಾಯವಿದೆ. ಒಂದು ಗಳಕ್ಕೆ ಹತ್ತು ಸೆಂಟಿಮೀಟರಿಗೊಂದರಂತೆ ಸಣ್ಣ ಬಾಟಲಿಗಳನ್ನು ಬಾಯಿ ಮೇಲಾಗಿ ಕಟ್ಟಿ ನೆಡುವುದು. ಭರತ ಇಳಿದ ಮೇಲೆ ನೀರು ತುಂಬಿದ ಕೊನೆಯ ಬಾಟಲಿ ಯಾವುದೋ ಅದೇ ಆ ದಿನದ ಮಟ್ಟ. ಮಳೆಗಾಲದಲ್ಲಿ ಮಾಡಿದರೆ ಬಾಟಲಿ ತುಂಬಿಸುವುದು ಮಳೆ, ಆದ್ದರಿಂದ ಡಿಸೆಂಬರಿನಿಂದ ಏಪ್ರಿಲ್ ಒಳಗೆ. ಒಂದು ದಿನದ ಅಳತೆಗೆ ಅರ್ಥವಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಪೂರ್ತಿ ಒಂದು ಸುತ್ತು ಬೇಕು.

ಈ ಎತ್ತರದ ಲೆಕ್ಕ ಅಘನಾಶಿನಿಯ ದಂಡೆಯವರಿಗೆ ಹೊಸತೇನೂ ಅಲ್ಲ. ಗಜನಿ ಎಂಬ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಗೋವಾದಲ್ಲಿ ಇದಕ್ಕೆ ಖಾಜನ್ ಎನ್ನುತ್ತಾರೆ, ಕೇರಳದಲ್ಲಿ ಪೊಕ್ಕಾಳಿ ಗದ್ದೆ. ಹೊಳೆಯ ಕಡೆಗೆ ಜೇಡಿಮಣ್ಣಿನ ಕಟ್ಟು, ಕಟ್ಟಿನಲ್ಲಿ ಅಲ್ಲಲ್ಲಿ ಹಲಗೆ ಏರಿಸಿ ಇಳಿಸುವ ತೂಬು. ಜೂನಿನಲ್ಲಿ ಮಳೆ ಹಿಡಿದಾಗ ಇಳಿತದ ಹೊತ್ತಿಗೆ ಹಲಗೆ ತೆಗೆದು ಒಳಗಿನ ನೀರು ಬಿಡುವುದು, ಭರತಕ್ಕೆ ಮುಚ್ಚುವುದು. ಮಳೆನೀರು ಹೀಗೆ ಹಲವು ಸುತ್ತು ಗದ್ದೆ ತೊಳೆದ ಮೇಲೆ, ಮೊಳಕೆ ಬರಿಸಿದ ಕಗ್ಗದ ಬೀಜ ಎರಚುವುದು. ಸಾಮಾನ್ಯ ಭತ್ತ ಲೀಟರಿಗೆ ಎರಡು ಗ್ರಾಂ ಉಪ್ಪು ದಾಟಿದರೆ ಇಳುವರಿ ಕಳೆದುಕೊಳ್ಳುತ್ತದೆ. ಕಗ್ಗ ಅದಕ್ಕಿಂತ ಗಟ್ಟಿ, ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುವ ಎತ್ತರದ ತಳಿ, ಗೊಬ್ಬರ ಔಷಧಿ ಕೇಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೊಯ್ಲು, ತೆನೆಯ ಕಡೆಯಿಂದಷ್ಟೇ. ನೀರಿನಲ್ಲಿ ನಿಂತ ಹುಲ್ಲು ಕೊಳೆತು ಮುಂದಿನ ಬೆಳೆಗೆ ಆಹಾರ. ಆ ಮುಂದಿನ ಬೆಳೆ ಸಿಗಡಿ ಮತ್ತು ಮೀನು. ತೂಬು ತೆರೆದರೆ ಭರತದ ನೀರಿನ ಜೊತೆ ಮರಿಗಳು ತಾವಾಗಿ ಒಳಗೆ ಬರುತ್ತವೆ, ದೊಡ್ಡವಾದ ಮೇಲೆ ಇಳಿತದ ರಾತ್ರಿ ತೂಬಿನ ಬಾಯಿಗೆ ಬಲೆ ಕಟ್ಟುವುದು. ಒಂದೇ ನೆಲ ಆರು ತಿಂಗಳು ಗದ್ದೆ, ಆರು ತಿಂಗಳು ಅಳಿವೆ.

ಕಟ್ಟಿನ ಆರೋಗ್ಯವೇ ಇದರ ಜೀವ, ಕಟ್ಟಿಗೆ ದೊಡ್ಡ ಶತ್ರು ಏಡಿ. ಏಡಿಯ ಬಿಲ ಹೊರಗಿನಿಂದ ಒಳಗೆ ತೂತಾದರೆ ಮೊದಲ ಭರತಕ್ಕೆ ಬೆರಳಷ್ಟು ನೀರು ಜಿನುಗುತ್ತದೆ, ಅದು ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ, ನಾಲ್ಕೈದು ಭರತದಲ್ಲಿ ಕಟ್ಟು ಒಡೆಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಾಯಿಗೆ ಕಲ್ಲು ತುರುಕಿದರೆ ಪ್ರಯೋಜನವಿಲ್ಲ. ಬಿಲದ ಉದ್ದಕ್ಕೂ ಅಗೆದು ಬಿಡಿಸಿ, ಹಸಿ ಜೇಡಿಯನ್ನು ಪದರ ಪದರವಾಗಿ ತುಳಿದು ತುಂಬಬೇಕು. ಮರಳು ಬೆರೆತ ಮಣ್ಣು ಹಾಕಿದರೆ ಅಲ್ಲೇ ಮತ್ತೆ ತೂತು. ಹೊರಮೈಗೆ ಅಲೆ ಬಡಿಯುವುದನ್ನು ತಡೆಯಲು ಕಾಂಡ್ಲದ ಪಟ್ಟಿ ಬೇಕು, ಆದರೆ ಕಟ್ಟಿನ ಬುಡದಿಂದ ಒಂದೆರಡು ಮೀಟರ್ ಆಚೆ. ಕಟ್ಟಿನ ಮೈಯಲ್ಲೇ ಮರ ಬೆಳೆದು ಮುಂದೆ ಬಿದ್ದರೆ ಬೇರಿನ ಜೊತೆ ಕಟ್ಟೂ ಬರುತ್ತದೆ.

ಇಷ್ಟೆಲ್ಲ ನಿಗಾ ಇಡಲು ಊರು ಒಟ್ಟಿಗಿರಬೇಕು. ಎಪ್ಪತ್ತರ ದಶಕದಲ್ಲಿ ಸರಕಾರ ಕಲ್ಲಿನ ಕಾಯಂ ಕಟ್ಟು ಕಟ್ಟಿಸಿದಾಗ ವರ್ಷ ವರ್ಷ ಮಣ್ಣು ಹಾಕುವ ಕೆಲಸ ತಪ್ಪಿತು, ಅದರ ಜೊತೆಗೆ ಸೇರಿ ಕೆಲಸ ಮಾಡುವ ರೂಢಿಯೂ ತಪ್ಪಿತು. ಆಮೇಲೆ ಸಿಗಡಿಯ ಬೆಲೆ ಏರಿತು. ಗಜನಿಗಳು ಗುತ್ತಿಗೆಗೆ ಹೋದವು, ತೂಬು ವರ್ಷವಿಡೀ ಉಪ್ಪುನೀರಿಗೆ ತೆರೆದುಕೊಂಡಿತು, ಭತ್ತ ಹಿಂದೆ ಸರಿಯಿತು. ತೊಂಬತ್ತರ ದಶಕದ ನಡುವಿನಲ್ಲಿ ಸಿಗಡಿಯ ಬಿಳಿಚುಕ್ಕೆ ರೋಗ ಭಾರತದ ಕರಾವಳಿಯ ಕೊಳಗಳಿಗೆ ಬಂತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ತೀವ್ರ ಸಿಗಡಿ ಸಾಕಣೆಯ ವಿರುದ್ಧ ತೀರ್ಪು ಕೊಟ್ಟಿತು, ಸಾಂಪ್ರದಾಯಿಕ ಪದ್ಧತಿಯನ್ನು ಬಿಟ್ಟು. ರೋಗ ಬಂದು ನಷ್ಟವಾದ ಮೇಲೆ ಕೈಬಿಟ್ಟ ಕೊಳ ಗದ್ದೆಯೂ ಅಲ್ಲ, ಅಳಿವೆಯೂ ಅಲ್ಲ. ಪುನಶ್ಚೇತನದ ನಿಜವಾದ ಜಾಗ ಇಂಥ ನೆಲ.

ಇಂಥ ನೆಲದಲ್ಲಿ ಮೊದಲು ನೋಡಬೇಕಾದ್ದು ಮಣ್ಣಿನ ಹುಳಿ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಇದೆ, ನಮ್ಮ ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳಿಂದ ಇಳಿದು ಬರುವ ಹೂಳಿನಲ್ಲಿ ಕಬ್ಬಿಣ ಧಾರಾಳ, ಕಾಂಡ್ಲದ ಬೇರು ಕೊಳೆತ ಕೆಸರಿನಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಇವನ್ನೆಲ್ಲ ಸೇರಿಸಿ ಪೈರೈಟ್ ಎಂಬ ಕಬ್ಬಿಣದ ಸಲ್ಫೈಡ್ ಮಾಡಿಡುತ್ತವೆ. ಒದ್ದೆಯಾಗಿರುವಷ್ಟು ಕಾಲ ಅದು ನಿರುಪದ್ರವಿ. ಕಟ್ಟು ಹಾಕಿ ನೆಲ ಒಣಗಿಸಿದಾಗ, ಅಥವಾ ಕೊಳ ತೋಡಿ ಅಡಿಯ ಕಪ್ಪು ಮಣ್ಣನ್ನು ದಂಡೆಗೆ ರಾಶಿ ಹಾಕಿದಾಗ ಗಾಳಿ ತಾಗಿ ಗಂಧಕಾಮ್ಲವಾಗುತ್ತದೆ. ದಂಡೆಯ ಬಿರುಕಿನಲ್ಲಿ ಒಣಹುಲ್ಲಿನ ಬಣ್ಣದ ಹಳದಿ ಕಲೆ, ಕಾಲುವೆಯಲ್ಲಿ ತುಕ್ಕಿನ ಬಣ್ಣದ ಕೆನೆ, ವರ್ಷಗಳಾದರೂ ಹುಲ್ಲು ಹುಟ್ಟದ ನೆಲ ಕಂಡರೆ ಅನುಮಾನ ಬೇಡ. ಕೆಲವೊಮ್ಮೆ ಅಲ್ಲಿನ ನೀರು ಅನುಮಾನ ಬರುವಷ್ಟು ತಿಳಿಯಾಗಿ, ಸ್ಫಟಿಕದ ಹಾಗಿರುತ್ತದೆ. ಆಮ್ಲದಲ್ಲಿ ಕರಗಿದ ಅಲ್ಯೂಮಿನಿಯಂ ಹೂಳನ್ನೆಲ್ಲ ತಳಕ್ಕೆ ಕೂರಿಸಿರುತ್ತದೆ. ಮೀನಿನ ಕಿವಿರಿಗೆ ಆ ಅಲ್ಯೂಮಿನಿಯಮ್ಮೇ ವಿಷ.

ಪರೀಕ್ಷೆಯನ್ನು ಜಾಗದಲ್ಲೇ ಮಾಡಬಹುದು. ಮೇಲಿನಿಂದ ಒಂದು ಮೀಟರ್ ಆಳದವರೆಗೆ 25 ಸೆಂಟಿಮೀಟರಿಗೊಂದರಂತೆ ಮಣ್ಣು ತೆಗೆಯಿರಿ. ಪ್ರತಿಯೊಂದರಿಂದ ಒಂದು ಚಮಚ ಮಣ್ಣನ್ನು ನೀರಿನಲ್ಲಿ ಕದಡಿ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ನೋಡಿ. ಇನ್ನೊಂದು ಚಮಚಕ್ಕೆ ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ ನೊರೆ ಅಡಗಿದ ಮೇಲೆ ಮತ್ತೆ ನೋಡಿ. ಮೊದಲ ಅಳತೆ 4ಕ್ಕಿಂತ ಕಡಿಮೆಯಿದ್ದರೆ ಆಮ್ಲ ಆಗಲೇ ಹುಟ್ಟಿದೆ. ಮೊದಲನೆಯದು 6 ಇದ್ದು ಎರಡನೆಯದು 3ಕ್ಕಿಂತ ಕೆಳಗೆ ಬಿದ್ದರೆ ಆಮ್ಲ ಇನ್ನೂ ಹುಟ್ಟಿಲ್ಲ, ಮಣ್ಣು ಕೆದಕಿದರೆ ಹುಟ್ಟುತ್ತದೆ. ಅಂಗಡಿಯ ಪೆರಾಕ್ಸೈಡ್ ತಾನೇ ಹುಳಿಯಾಗಿರುತ್ತದೆ, ಕಾಸ್ಟಿಕ್ ಸೋಡಾದ ತೆಳು ದ್ರಾವಣ ಹಾಕಿ 5ರ ಆಸುಪಾಸಿಗೆ ತಂದುಕೊಳ್ಳದಿದ್ದರೆ ಎಲ್ಲ ಮಣ್ಣೂ ಕೆಟ್ಟದ್ದೆಂದೇ ಕಾಣುತ್ತದೆ. ಕೈಗವಸು, ಕನ್ನಡಕ ಮರೆಯಬಾರದು. ಗಂಧಕ ಹೆಚ್ಚಿರುವ ಮಣ್ಣು ಕುದಿದು ಮುಖಕ್ಕೆ ಹಾರುತ್ತದೆ.

ಸುಣ್ಣ ಹಾಕಿದರಾಯಿತು ಎಂದು ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿನ ಮೇಲಿನ 20 ಸೆಂಟಿಮೀಟರ್ ಮಣ್ಣು ಸುಮಾರು 2,000 ಟನ್. ಅದರಲ್ಲಿ ಶೇ 1ರಷ್ಟು ಪೈರೈಟಿನ ಗಂಧಕವಿದ್ದರೆ 20 ಟನ್. ಪ್ರತಿ ಟನ್ ಗಂಧಕದ ಆಮ್ಲ ತಣಿಸಲು ಮೂರು ಟನ್ನಿಗಿಂತ ಹೆಚ್ಚು ಸುಣ್ಣದಕಲ್ಲಿನ ಪುಡಿ ಬೇಕು. ಒಟ್ಟು 60 ಟನ್ ದಾಟುತ್ತದೆ, ಹೆಕ್ಟೇರಿಗೆ. ಹಿಂದಿನವರು ಗದ್ದೆಗೆ ಚಿಪ್ಪಿಸುಣ್ಣ ಹಾಕುತ್ತಿದ್ದರು ಎಂದು ಈಗ ಹಾಗೇ ಮಾಡಲು ಹೊರಟರೆ ಇದೇ ಅಳಿವೆಯ ಚಿಪ್ಪಿನ ಹಾಸು ಖಾಲಿಯಾಗುತ್ತದೆ.

ಸಮುದ್ರದ ನೀರೇ ತೆಳು ಸುಣ್ಣದ ನೀರು. ಅದರ ಕ್ಷಾರ ಗುಣ ಘನಮೀಟರಿಗೆ ಸುಮಾರು 115 ಗ್ರಾಂ ಸುಣ್ಣದಕಲ್ಲಿಗೆ ಸಮ. ಹೆಕ್ಟೇರಿನ ಮೇಲೆ ಅರ್ಧ ಮೀಟರ್ ನೀರು ನಿಂತರೆ 5,000 ಘನಮೀಟರ್, ಒಂದು ಭರತಕ್ಕೆ ಸುಮಾರು 575 ಕಿಲೊ. ದಿನಕ್ಕೆ ಎರಡು ಭರತವಾದರೆ ಒಂದು ಟನ್ನಿಗೂ ಮೇಲೆ, ಲಾರಿ ಬಾಡಿಗೆ ಇಲ್ಲದೆ. ಎಲ್ಲವೂ ಮಣ್ಣಿಗೆ ತಾಗುವುದಿಲ್ಲ ನಿಜ, ಆದರೆ ನೆಲ ಮತ್ತೆ ಒದ್ದೆಯಾದಾಗ ಹೊಸ ಆಮ್ಲ ಹುಟ್ಟುವುದೂ ನಿಲ್ಲುತ್ತದೆ. ಆಸ್ಟ್ರೇಲಿಯಾದ ಕೇರ್ನ್ಸ್ ಪಟ್ಟಣದ ಎದುರಿನ ಈಸ್ಟ್ ಟ್ರಿನಿಟಿಯಲ್ಲಿ, ಎಪ್ಪತ್ತರ ದಶಕದಲ್ಲಿ ಕಬ್ಬು ಬೆಳೆಯಲೆಂದು ಕಟ್ಟು ಹಾಕಿ ಕೆಡಿಸಿದ್ದ ನೆಲವನ್ನು ಸರಿಮಾಡಿದ್ದು ಹೀಗೆಯೇ: ಭರತವನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟು, ನೀರಿಗೆ ಸುಣ್ಣ ಬೆರೆಸಿ.

ಈ ಲೆಕ್ಕದಿಂದಲೇ ಕಾಲವೂ ನಿರ್ಧಾರವಾಗುತ್ತದೆ. ಕಟ್ಟು ತೆರೆಯುವುದು ಡಿಸೆಂಬರಿನ ನಂತರ, ಹೊಳೆಯಲ್ಲಿ ಉಪ್ಪು ಏರಿದಾಗ. ಜೂನಿನಲ್ಲಿ ತೆರೆದರೆ ಮಳೆನೀರು ಒಣನೆಲದ ಆಮ್ಲವನ್ನೆಲ್ಲ ಒಂದೇ ಸಲಕ್ಕೆ ತೊಳೆದು ಹೊಳೆಗೆ ಬಿಡುತ್ತದೆ. ಮಳೆಗಾಲದ ಹೊಳೆನೀರಿಗೆ ಅದನ್ನು ತಣಿಸುವ ಶಕ್ತಿಯಿಲ್ಲ, ಮೀನು ಸಾಯುತ್ತವೆ.

ಎಲ್ಲಿ ತೆರೆಯಬೇಕು? ಕಟ್ಟಿನ ಅನುಕೂಲದ ಜಾಗದಲ್ಲಲ್ಲ, ಹಳೆಯ ಕೋಡಿ (ಭರತದ ನೀರು ಬಂದುಹೋಗುವ ಸಣ್ಣ ಕಾಲುವೆ) ಹರಿಯುತ್ತಿದ್ದಲ್ಲಿ. ಹಳೆಯ ಸರ್ವೆ ನಕ್ಷೆಯಲ್ಲಿ, ಉಪಗ್ರಹದ ಹಳೆಯ ಚಿತ್ರಗಳಲ್ಲಿ ಅದರ ಗೆರೆ ಸಿಗುತ್ತದೆ. ಅವೂ ಇಲ್ಲವಾದರೆ, ಮಳೆ ನಿಂತ ಮರುದಿನ ಕೊನೆಯವರೆಗೂ ನೀರು ನಿಲ್ಲುವ ಅಂಕುಡೊಂಕಿನ ತಗ್ಗೇ ಆ ಕೋಡಿ. ಬಾಯಿ ಕಿರಿದಾದರೆ ನೀರು ರಭಸಕ್ಕೆ ಕಟ್ಟನ್ನು ಕೊರೆಯುತ್ತದೆ, ಒಳಗೆ ಮಾತ್ರ ನೀರು ಪೂರ್ತಿ ಇಳಿಯದೆ ನಿಲ್ಲುತ್ತದೆ. ಕಟ್ಟಿನ ಒಳಗೊಂದು ಹೊರಗೊಂದು ಗುರುತಿನ ಕೋಲು ನೆಟ್ಟು ಇಳಿತದ ಕೊನೆಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಒಳಗಿನ ನೀರು ಇನ್ನೂ ಗೇಣು ಎತ್ತರದಲ್ಲೇ ಇದ್ದರೆ ಬಾಯಿ ಸಾಲದು, ಅಗಲಿಸಬೇಕು ಅಥವಾ ಇನ್ನೊಂದು ತೆರೆಯಬೇಕು. ಅಗೆದ ಮಣ್ಣನ್ನು ಬಾಯಿಯ ಪಕ್ಕ ಗುಡ್ಡೆ ಹಾಕಿದರೆ ಅದು ಒಣಗಿ ಮತ್ತೆ ಹುಳಿಯ ರಾಶಿ. ಕೊಳದ ತಗ್ಗಿಗೆ ತೆಳುವಾಗಿ ಹರಡಿ ಒದ್ದೆಯಾಗಿಟ್ಟರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಸಿಗಡಿಗೆಂದು ತೋಡಿದ ತಳ ಸಾಮಾನ್ಯವಾಗಿ ಒಂದೆರಡು ಗೇಣು ತಗ್ಗಿರುತ್ತದೆ, ಅದನ್ನು ಏರಿಸದೆ ಮುಂದಿನ ಯಾವ ಮಾತೂ ಇಲ್ಲ.

ಆಮೇಲಿನದು ಎಲ್ಲಕ್ಕಿಂತ ಕಷ್ಟದ ಕೆಲಸ: ಸುಮ್ಮನಿರುವುದು. ಎರಡು ಮಳೆಗಾಲ ಕಾಯಬೇಕು. ಸುತ್ತ ತಾಯಿಮರಗಳಿದ್ದರೆ ಬೀಜ, ಕೋಡು ತೇಲಿ ಬಂದು ತಮ್ಮ ಎತ್ತರವನ್ನು ತಾವೇ ಹುಡುಕಿಕೊಳ್ಳುತ್ತವೆ. ತೇಲಿ ಬಂದವು ಕೊಚ್ಚಿ ಹೋಗುತ್ತಿವೆಯೇ, ಏಡಿ ತಿನ್ನುತ್ತಿದೆಯೇ, ಹಸಿರು ಪಾಚಿಯ ಹಾಳೆ ಮುಸುಕುತ್ತಿದೆಯೇ, ಎಮ್ಮೆ ಮೇಯುತ್ತಿದೆಯೇ ಎಂದು ಬರೆದಿಡುವುದಷ್ಟೇ ಕೆಲಸ. ಅನುದಾನಕ್ಕೆ ಮಾರ್ಚ್ 31ರ ಗಡುವು ಇರುತ್ತದೆ, ತೇಲಿ ಬರುವ ಬೀಜಕ್ಕೆ ಇರುವುದಿಲ್ಲ. ಕಾಯುವ ಸಾಲು ಬಿಲ್ಲಿನಲ್ಲಿ ಬರುವುದಿಲ್ಲವಾದ್ದರಿಂದ ಈ ಹಂತವನ್ನು ಹಾರಿಸುವವರೇ ಹೆಚ್ಚು.

ಎರಡು ಮಳೆಗಾಲ ಕಳೆದರೂ ಬೀಜ ಬಾರದಿದ್ದರೆ, ನೆಡುವುದು. ಕಾಂಡ್ಲದ ಕೋಡು ಮಳೆಗಾಲದಲ್ಲಿ ಬಲಿಯುತ್ತದೆ. ಮರದಿಂದ ಕೀಳಬಾರದು, ಕೈ ತಾಗಿದರೆ ಕಳಚಿ ಬರುವುದು, ತುದಿಯ ಟೊಪ್ಪಿಯ ಬಳಿ ಹಳದಿ ಪಟ್ಟಿ ಕಂಡಿರುವುದು ಸರಿಯಾದದ್ದು. ಟೊಪ್ಪಿಯನ್ನು ಎಳೆದು ತೆಗೆದರೆ ಒಳಗಿನ ಎಳೆ ಮೊಗ್ಗು ಮುರಿಯುತ್ತದೆ. ಚೂಪು ತುದಿ ಕೆಳಗೆ, ಉದ್ದದ ಮೂರನೇ ಒಂದು ಭಾಗ ಕೆಸರಿನಲ್ಲಿ, ಒಂದರಿಂದ ಒಂದೂವರೆ ಮೀಟರ್ ಅಂತರ. ಏಡಿ ಹೆಚ್ಚಿರುವ ಕಡೆ ಕೋಡನ್ನು ಕೆಲವು ದಿನ ನೆರಳಿನಲ್ಲಿಟ್ಟು ಸ್ವಲ್ಪ ಬಾಡಿಸಿ ನೆಟ್ಟರೆ ಅದರ ರುಚಿ ತಗ್ಗುತ್ತದೆ. ಉಪ್ಪಟಿಯ ಬೀಜಕ್ಕೆ ಆಯುಸ್ಸು ಕೆಲವೇ ದಿನ. ಹೆಕ್ಕಿದ ಕೂಡಲೇ ನೀರಿನಲ್ಲಿ ನೆನೆಸಿ ಸಿಪ್ಪೆ ಬಿಡಿಸಿ, ಭರತದ ನೀರು ದಿನಾ ಬಂದುಹೋಗುವ ದಂಡೆಯ ನರ್ಸರಿಯಲ್ಲಿ ಚೀಲಕ್ಕೆ ಹಾಕಬೇಕು. ಊರಿನ ನರ್ಸರಿಯಲ್ಲಿ ಸಿಹಿನೀರು ಕುಡಿದು ಕೊಬ್ಬಿದ ಸಸಿ ಹೊಳೆಗೆ ಬಂದ ವಾರದಲ್ಲಿ ಎಲೆ ಉದುರಿಸುತ್ತದೆ. ಲೆಕ್ಕ ಬರೆಯುವಾಗ ‘ನೆಟ್ಟ ಸಸಿ ಇಷ್ಟು’ ಎಂಬ ಅಂಕಿ ಬೇಡ. ಮೂರನೇ ತಿಂಗಳು, ಹನ್ನೆರಡನೇ ತಿಂಗಳು, ಮೂರನೇ ವರ್ಷ ಎಷ್ಟು ನೆಲ ಹಸಿರಾಗಿದೆ ಎಂಬುದಷ್ಟೇ ಬೇಕು.

ನೆಡಬಾರದ ಜಾಗದ ಮಾತು ಬಿಟ್ಟುಹೋಗಬಾರದು. ಮರವಿಲ್ಲದ ಕೆಸರು ಬಯಲು ಪಾಳುಬಿದ್ದದ್ದು ಎಂಬ ಭಾವನೆ ಒಳನಾಡಿನಿಂದ ಬಂದದ್ದಿರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರ 2008ರ ಅಧ್ಯಯನದ ಪ್ರಕಾರ ಅಘನಾಶಿನಿಯ ಈ ಬಯಲುಗಳಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ಬರುತ್ತಿತ್ತು, 2,300ಕ್ಕೂ ಹೆಚ್ಚು ಜನ ನೇರವಾಗಿ ಅದನ್ನು ನಂಬಿದ್ದರು, ಅರ್ಧದಷ್ಟು ಹೆಂಗಸರು. ಅಲ್ಲಿಗೆ ಕಾಂಡ್ಲ ಚುಚ್ಚಿದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ. ಸಸಿ ಬದುಕಿದರೆ ಬೇರಿನ ನಡುವೆ ಹೂಳು ತುಂಬಿ ಬಳಚು ಸಾಯುತ್ತದೆ, ಬದುಕದಿದ್ದರೆ ಸಸಿಯೂ ಇಲ್ಲ. ಬಳಚಿನ ಹಾಸಿಗೆ ಬೇಕಾದ ಪುನಶ್ಚೇತನವೇ ಬೇರೆ: ಮರಿ ಬಿಡುವ ತಿಂಗಳಲ್ಲಿ ಬಿಡುವು, ಸಣ್ಣದನ್ನು ಹೊಳೆಗೇ ಚೆಲ್ಲುವ ಜರಡಿ. ಕೇರಳದ ಅಷ್ಟಮುಡಿಯಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ರಜೆ, ಬಲೆಯ ಕಣ್ಣಿಗೆ ಅಳತೆ ಎಂಬ ಕಟ್ಟುಪಾಡಿನಿಂದ ಆ ಮೀನುಗಾರಿಕೆ 2014ರಲ್ಲಿ ಸುಸ್ಥಿರ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಪಡೆಯಿತು, ದೇಶದಲ್ಲೇ ಮೊದಲು.

ಎತ್ತರ ಸರಿಯಿದ್ದೂ ಉಪ್ಪಿನ ಲಯ ತಪ್ಪಿದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ, ಪಕ್ಕದ ಹೊನ್ನಾವರ ಸಾಕು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಶರಾವತಿಗೆ 1964ರ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬರುತ್ತದೆ. ಅಳಿವೆಯ ಉಪ್ಪು ತೆಳುವಾಗಿ ಚಿಪ್ಪಿಕಲ್ಲು ಕ್ಷೀಣಿಸಿತು, ಸಿಹಿನೀರು ಸಹಿಸುವ ಸೊನರೇಷಿಯಾ ಕ್ಯಾಸಿಯೊಲಾರಿಸ್ ಮೇಲುಗೈ ಪಡೆಯಿತು. ಮೇಲಿನಿಂದ ನೋಡಿದರೆ ಅಲ್ಲೂ ಹಸಿರೇ.

ಇನ್ನು ಗಜನಿಯ ಒಡೆಯರ ಅಂಜಿಕೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಕಾಂಡ್ಲ ಬೆಳೆದ ನೆಲ ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತದೆ. 1,000 ಚದರ ಮೀಟರ್ ಮೀರಿದರೆ ಸುತ್ತ 50 ಮೀಟರ್ ಕಾಪುಪಟ್ಟಿ. ಗದ್ದೆಯಲ್ಲಿ ಒಮ್ಮೆ ಕಾಂಡ್ಲ ಎದ್ದರೆ ಮತ್ತೆ ಭತ್ತಕ್ಕೆ ದಾರಿಯಿಲ್ಲ ಎಂದು ತಿಳಿದವರು ಎಳೆ ಸಸಿಯನ್ನು ಚಿವುಟಿ ಹಾಕಿದರೆ ಬಯ್ಯುವುದು ಸುಲಭ. ಕಟ್ಟಿನ ಹೊರಗೆ ಕಾಂಡ್ಲ, ಒಳಗೆ ಕಗ್ಗ, ನಡುವೆ ತೂಬು ಎಂಬ ಹಂಚಿಕೆಯನ್ನು ಕಾಗದದಲ್ಲಿ ಬರೆದು ಒಪ್ಪಿಕೊಂಡ ಮೇಲೆ ಕೆಲಸ ಶುರುಮಾಡುವುದು ಲೇಸು. ಎಲ್ಲ ಗಜನಿಯೂ ಕಾಡಾಗಬೇಕಿಲ್ಲ. ಕಗ್ಗ ಬೆಳೆಯುವ ಗಜನಿ ಕೂಡ ಜೌಗು ನೆಲವೇ.

ಕೊನೆಗೆ ಆ ಗೇಣು ಕೂಡ ನಿಂತಲ್ಲಿ ನಿಂತಿಲ್ಲ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2015ರ ನಡುವೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಆ ವೇಗದಲ್ಲೇ ಹೋದರೂ ಒಂದು ಗೇಣಿಗೆ ಎಪ್ಪತ್ತು ವರ್ಷ, ಒಂದು ಕಾಂಡ್ಲ ಕಾಡು ಹಣ್ಣಾಗುವಷ್ಟರಲ್ಲಿ. ಕಟ್ಟಿನ ಹೊರಗಿನ ಕಾಡು ಹೊಳೆ ತಂದ ಹೂಳನ್ನು ಹಿಡಿದು ತಾನೂ ಏರಬಲ್ಲದು. ಒಳಗಿನ ನೆಲಕ್ಕೆ ಹೂಳು ಬಾರದು, ಒಣಗಿದಷ್ಟೂ ಕುಸಿಯುತ್ತದೆ. ಯಾವುದು ಎಷ್ಟು ಏರುತ್ತಿದೆ ಎಂದು ತಿಳಿಯಲು, ಇಳಿತದ ಹೊತ್ತಿಗೆ ಅರ್ಧ ಮೀಟರ್ ಚೌಕದಲ್ಲಿ ಬಿಳಿ ಫೆಲ್ಡ್‌ಸ್ಪಾರ್ ಪುಡಿಯನ್ನು ಬೆರಳು ದಪ್ಪ ಹಾಸಿ, ನಾಲ್ಕು ಮೂಲೆಗೆ ಗೂಟ ಹೊಡೆದು ಬಿಡಬೇಕು. ಕಟ್ಟಿನ ಹೊರಗೊಂದು, ಒಳಗೊಂದು. ಮುಂದಿನ ವರ್ಷ ಅದೇ ತಿಂಗಳ ಇಳಿತಕ್ಕೆ ಹೋಗಿ ಚಾಕುವಿನಿಂದ ಬೆಣ್ಣೆಯ ಹಾಗೆ ಒಂದು ತುಂಡು ಕತ್ತರಿಸಿ, ಬಿಳಿ ಗೆರೆಯ ಮೇಲೆ ಎಷ್ಟು ಮಿಲಿಮೀಟರ್ ಕೆಸರು ಕೂತಿದೆ ಎಂದು ಅಳೆದು, 3.3ರ ಪಕ್ಕದಲ್ಲಿ ಬರೆಯಬೇಕು.